ಕಾಡಿನ ಚಿತ್ರದ ಹಳೇ ಫ್ರೆಂಚ್ ಎಚ್ಚಿಂಗ್: ಅಸಲಿಯಾ? ಕಂದು ಚುಕ್ಕೆಗೆ ಏನು ಮಾಡೋದು?

ಕಾಫಿಹೂ, ಮಡಿಕೇರಿ:
ತೋಟದ ಬಂಗಲೆ ಗೋಡೆಯಲ್ಲಿದ್ದ ಎಚ್ಚಿಂಗ್ (ತಾಮ್ರದ ತಗಡನ್ನು ಆಮ್ಲದಿಂದ ಕೊರೆದು ಹಾಳೆಗೆ ಒತ್ತಿದ ಅಚ್ಚುಚಿತ್ರ). ಬಾಗಿದ ಮರಗಳು, ನಡುವೆ ತೊರೆ. ಕೆಳಗೆ ಎಡಕ್ಕೆ ‘ಡೆಲ್.’, ಬಲಕ್ಕೆ ‘ಸ್ಕಲ್ಪ್.’ ಅಂತಿದೆ. ಹಿಂದೆ ಪೆನ್ಸಿಲ್‌ನಲ್ಲಿ ‘ಫ್ರಾನ್ಸ್, 18ನೇ ಶತಮಾನ’. ಹಾಳೆ ಗಾಜಿಗೆ ಕಚ್ಚಿಕೊಂಡಿದೆ, ಕಂದು ಚುಕ್ಕೆ ಬೇರೆ. ಬ್ಲೀಚ್ ಹಾಕಬಹುದಾ?

ತಾಮ್ರದತಗಡು:
ಬ್ಲೀಚ್ ಬೇಡವೇ ಬೇಡ, ಹಾಳೆಯ ನಾರೇ ಸಾಯುತ್ತೆ. ‘ಡೆಲ್.’ ಅಂದ್ರೆ ಚಿತ್ರ ಬರೆದವರು, ‘ಸ್ಕಲ್ಪ್.’ ಅಂದ್ರೆ ತಗಡಿನಲ್ಲಿ ಕೆತ್ತಿದವರು. ನಕಲಿನಲ್ಲೂ ಇವು ಹಾಗೇ ಬರ್ತವೆ, ಹಾಗಾಗಿ ಪುರಾವೆ ಅಲ್ಲ.

ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಸಾಲುಸಾಲು ಚುಕ್ಕೆ ಕಂಡ್ರೆ ಫೋಟೋ ಅಚ್ಚು, ಅಲ್ಲಿಗೆ ಮುಗೀತು. ಕಾಣದಿದ್ರೆ ಎಲೆಗಳನ್ನೇ ನೋಡಿ. ಎಚ್ಚಿಂಗ್‌ನಲ್ಲಿ ಮೇಣ ಬಳಿದ ತಾಮ್ರದ ಮೇಲೆ ಸೂಜಿಯಿಂದ ಗೀಚಿ ಆಮ್ಲಕ್ಕೆ ಇಳಿಸ್ತಾರೆ. ದೂರದ ಮರ ಸ್ವಲ್ಪ ಕಚ್ಚಿದ ಕೂಡಲೇ ವಾರ್ನಿಷ್ ಬಳಿದು ಮುಚ್ಚಿ, ಹತ್ತಿರದ ಕಾಂಡಗಳನ್ನು ಮತ್ತೆ ಆಮ್ಲಕ್ಕೆ ಬಿಡ್ತಾರೆ. ಅದಕ್ಕೇ ಹಿಂದಿನ ಎಲೆ ಕೂದಲೆಳೆ, ಮುಂದಿನ ಬೇರು ದಪ್ಪ. ಗೆರೆಯ ತುದಿ ಮೊಂಡಾಗಿರಬೇಕು. ಚೂಪಾಗಿ ಸಣ್ಣಗಾದ್ರೆ ಅದು ಆಮ್ಲದ್ದಲ್ಲ, ಉಳಿಯಿಂದ ನೇರವಾಗಿ ಕೆತ್ತಿದ ಗೆರೆ. ಒತ್ತೊತ್ತಾಗಿ ಗೀಚಿದಲ್ಲಿ ಮೇಣ ಕಿತ್ತುಬಂದು ಎಲೆಗುಂಪು ಕಪ್ಪು ಮುದ್ದೆಯಾಗೋದೂ ಉಂಟು. ಫ್ರೆಂಚ್ ಚಿತ್ರಕಾರ ಫ್ರಾಗೊನಾರ್ 1763ರ ಸುಮಾರಿಗೆ ಮಾಡಿದ ಅಂಗೈಯಗಲದ ಎಚ್ಚಿಂಗ್ ‘ಲ ಪೆತಿ ಪಾರ್ಕ್’ ನೋಡಿ, ಸುರುಳಿ ಗೆರೆಯಲ್ಲೇ ಎಲೆ ಆಡ್ತವೆ.

ಹಳೇಕಾಗದ:
ತಗಡು ಒತ್ತಿದ ಅಂಚಿನ ತಗ್ಗೊಂದನ್ನೇ ನೆಚ್ಚಿಕೊಳ್ಳಬೇಡಿ, ಅದನ್ನು ಆಮೇಲೆ ಒತ್ತಿ ಮೂಡಿಸಬಹುದು. ಬೆಳಕಿಗೆ ಹಿಡಿದಾಗ ಒತ್ತಾದ ಸಣ್ಣ ಗೆರೆ, ಅವಕ್ಕೆ ಅಡ್ಡವಾಗಿ ಸುಮಾರು 2.5 ಸೆಂ.ಮೀ.ಗೊಂದು ಗೆರೆ ಕಂಡ್ರೆ ಆ ಕಾಲಕ್ಕೆ ಒಪ್ಪುವ ಕಾಗದ. ಅಂಥ ಕಾಗದ ಈಗಲೂ ತಯಾರಾಗುತ್ತೆ, ನೆನಪಿರಲಿ. ಹಳೇ ತಗಡಿನಿಂದಲೇ 19ನೇ ಶತಮಾನದಲ್ಲಿ ಮತ್ತೆ ಒತ್ತಿದ ಪ್ರತಿಗಳೂ ಇವೆ. ತಗಡು ಸವೆದಿದ್ರೆ ಮೊದಲು ಮಾಯವಾಗೋದು ದೂರದ ಎಲೆ.

ಕಾಫಿಹೂ:
ಅಡ್ಡಗೆರೆ ಕಾಣ್ತಿದೆ! ಗಾಜಿನಿಂದ ಬಿಡಿಸೋದು ಹೇಗೆ?

ಹಳೇಕಾಗದ:
ನೀವು ಬಿಡಿಸಬೇಡಿ. ಕಾಗದ ಮಾಡುವಾಗ ಹಾಳೆಗೆ ಹಚ್ಚಿದ ಜೆಲಟಿನ್ ಅಂಟು ತೇವಕ್ಕೆ ಕರಗಿ ಗಾಜು ಹಿಡಿದಿರುತ್ತೆ, ಎಳೆದ್ರೆ ಶಾಯಿ ಗಾಜಲ್ಲೇ ಉಳಿಯುತ್ತೆ. ಗಾಜಿನ ಸಮೇತ ಕಾಗದ ಸಂರಕ್ಷಕರ ಹತ್ತಿರ ಒಯ್ಯಿರಿ. ಮತ್ತೆ ಕಟ್ಟಿಸುವಾಗ ಹಿಂದಿನ ಪ್ಲೈವುಡ್ ತೆಗೆಸಿ ಹತ್ತಿನಾರಿನ ಬೋರ್ಡ್, ಗಾಜಿಗೂ ಹಾಳೆಗೂ 3–4 ಮಿ.ಮೀ. ಅಂತರ. ಹಾಳೆಯನ್ನು ಬೋರ್ಡ್‌ಗೆ ಹಿಡಿಸೋಕೆ ಮೇಲಂಚಿನಲ್ಲಿ ಮಾತ್ರ ಎರಡು ಕಡೆ ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು. ಸೆಲ್ಲೋಟೇಪ್ ಹಾಕಿದ್ರೆ ಹೊಸ ಕಲೆ ಗ್ಯಾರಂಟಿ.

ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ, ಅಗ್ಗಿಷ್ಟಿಕೆ ಮೇಲೂ ಬೇಡ. ಗಾಳಿಯ ತೇವಾಂಶ 65 ಶೇಕಡ ದಾಟಿದ್ರೆ ಬೂಷ್ಟು ಏಳುತ್ತೆ, ಕಕ್ಕಡದಲ್ಲಿ (ಕೊಡಗಿನ ಜುಲೈ–ಆಗಸ್ಟ್‌ನ ಮಳೆ ತಿಂಗಳು) ಅದು ದಿನನಿತ್ಯದ ಮಾತು. ಮಳೆಗಾಲದಲ್ಲಿ ಗೋಡೆಯಿಂದ ಇಳಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ತೆರೆದ ಕೋಣೆಯಲ್ಲಿ ಸಿಲಿಕಾ ಇಟ್ರೆ ದುಡ್ಡು ದಂಡ.