ಗೃಹಸಾಲದ ಜೊತೆಗೆ ಜೀವವಿಮೆ: ಬ್ಯಾಂಕು ಕೊಡುವುದೋ, ಬೇರೆಯದೋ?

ಪ್ರಶ್ನೆ, ವಿಜಯಪುರದಿಂದ

ಸೋಲಾಪುರ ರಸ್ತೆಯ ಕಡೆ ಮನೆಯೊಂದನ್ನು ಕೊಳ್ಳಲು 20 ವರ್ಷಗಳ ಅವಧಿಗೆ 30 ಲಕ್ಷ ರೂಪಾಯಿ ಸಾಲ ಮಂಜೂರಾಗಿದೆ. ನನಗೆ 36 ವರ್ಷ, ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕ. ಸಾಲದಲ್ಲಿ ಹೆಂಡತಿಯ ಹೆಸರೂ ಇದೆ. ಆಕೆ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾಳೆ. ಸಾಲದ ಜೊತೆಗೇ ಜೀವವಿಮೆ ಮಾಡಿಸಬೇಕು, ಅದರ ಹಣವನ್ನೂ ಸಾಲಕ್ಕೇ ಸೇರಿಸುತ್ತೇವೆ ಎಂದು ಬ್ಯಾಂಕಿನವರು ಹೇಳುತ್ತಿದ್ದಾರೆ. ಇದು ಕಡ್ಡಾಯವೇ? ಬೇರೆ ಟರ್ಮ್ ಪಾಲಿಸಿ (ಗೊತ್ತಾದ ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಕೊಡುವ ಜೀವವಿಮೆ) ತೆಗೆದುಕೊಂಡರೆ ನಡೆಯುವುದೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ, ಬಾಗಲಕೋಟೆ ನವನಗರದಿಂದ

ಗೃಹಸಾಲಕ್ಕೆ ಜೀವವಿಮೆ ಕಡ್ಡಾಯವೆಂಬ ಕಾನೂನು ಇಲ್ಲ. ಇಷ್ಟನ್ನು ನಾನು 2021ರಲ್ಲಿ ತಿಳಿದುಕೊಂಡಿದ್ದರೆ ಈ ಉತ್ತರವನ್ನು ಇಷ್ಟು ಉದ್ದ ಬರೆಯಬೇಕಾಗಿರಲಿಲ್ಲ.

ಆ ವರ್ಷ ಮನೆ ಕಟ್ಟಿಸಲು 20 ವರ್ಷಕ್ಕೆ, ಶೇಕಡಾ 7ರ ಬಡ್ಡಿಯಲ್ಲಿ, 25 ಲಕ್ಷ ಸಾಲ ಪಡೆದೆ. ಸಹಿ ಹಾಕುವ ದಿನ ಮೇಜಿನ ಮೇಲೆ ಕಾಗದಗಳ ದೊಡ್ಡ ಕಟ್ಟೇ ಇತ್ತು. ಸಿಬ್ಬಂದಿಯೊಬ್ಬರು ಪುಟದ ಮೂಲೆಯನ್ನಷ್ಟೇ ಎತ್ತಿ, "ಇಲ್ಲೊಂದು ಹಾಕ್ರಿ ಸರ, ಇಲ್ಲೊಂದು" ಎನ್ನುತ್ತ ಹೋದರು. ಅವುಗಳ ನಡುವೆ ವಿಮೆಯ ಅರ್ಜಿಯೂ ಇತ್ತು. ಮೊದಲ ತಿಂಗಳ ಲೆಕ್ಕಪತ್ರ ಬಂದಾಗ ಸಾಲ 25 ಲಕ್ಷದ ಬದಲು 25,96,000 ಆಗಿರುವುದು ಕಂಡಿತು. ವಿಮೆಗೆ ಒಂದೇ ಸಲ ಕಟ್ಟುವ ಪ್ರೀಮಿಯಂ 96,000 ರೂಪಾಯಿಯನ್ನು ಸಾಲಕ್ಕೆ ಸೇರಿಸಿದ್ದರು. ತಿಂಗಳಿಗೆ ಹೆಚ್ಚುವುದು 744 ರೂಪಾಯಿ ಮಾತ್ರ ಎಂದು ಸಮಾಧಾನ ಹೇಳಿದರು. ಆ 744ನ್ನು 240 ತಿಂಗಳಿಗೆ ಗುಣಿಸಿದರೆ 1,78,000 ದಾಟುತ್ತದೆಂಬುದನ್ನು ಮನೆಗೆ ಬಂದು ನಾನೇ ಲೆಕ್ಕ ಹಾಕಿಕೊಂಡೆ.

ಹಣ ಹೋದದ್ದಕ್ಕಿಂತ ಹೆಚ್ಚು ಚುಚ್ಚಿದ ವಿಷಯ ಇನ್ನೊಂದಿದೆ. ಇಂಥ ಪಾಲಿಸಿಯಲ್ಲಿ ಸಾಲ ಇಳಿದಂತೆ ವಿಮೆಯ ಮೊತ್ತವೂ ಇಳಿಯುತ್ತದೆ. ಆದರೆ ಅದು ಇಳಿಯುವುದು ಮೊದಲ ದಿನ ಅಚ್ಚು ಹಾಕಿಕೊಟ್ಟ ಪಟ್ಟಿಯಂತೆಯೇ ಹೊರತು ನಮ್ಮ ನಿಜವಾದ ಬಾಕಿಯಂತೆ ಅಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇಕಡಾ 4ರಿಂದ 6.5ಕ್ಕೆ ಏರಿಸಿತು, ನನ್ನ ಬಡ್ಡಿಯೂ 9.5ಕ್ಕೆ ಹೋಯಿತು. ಆಗ ಸುಮಾರು 20,100 ರೂಪಾಯಿಯ ಕಂತಿನಲ್ಲಿ 19,700ರಷ್ಟು ಬಡ್ಡಿಗೇ ಜಮೆಯಾಗುತ್ತಿತ್ತು. ಅಸಲು ಜಗ್ಗದೆ ಕುಳಿತಿತ್ತು, ವಿಮೆ ಮಾತ್ರ ಪಟ್ಟಿಯಂತೆ ಇಳಿಯುತ್ತಲೇ ಇತ್ತು. ಆ ದಿನಗಳಲ್ಲಿ ನನಗೇನಾದರೂ ಆಗಿದ್ದರೆ, ವಿಮೆಯ ಹಣ ಬ್ಯಾಂಕಿಗೆ ಸಂದ ಮೇಲೂ ಮನೆಯ ಉತಾರದಲ್ಲಿ (ಆಸ್ತಿಯ ದಾಖಲೆಯಲ್ಲಿ) ಬ್ಯಾಂಕಿನ ಬೋಜಾ, ಅಂದರೆ ಸಾಲದ ಹೊರೆ, ಉಳಿಯುತ್ತಿತ್ತು. ನನ್ನ ಸಹೋದ್ಯೋಗಿಯೊಬ್ಬರದು ಇನ್ನೂ ವಿಚಿತ್ರ: ಸಾಲ 20 ವರ್ಷಕ್ಕೆ, ವಿಮೆ 10 ವರ್ಷಕ್ಕೆ. ಅವರು ಅದನ್ನು ಗಮನಿಸಿದ್ದು ನನ್ನ ಕಥೆ ಕೇಳಿ ಮನೆಗೆ ಹೋಗಿ ಕಾಗದ ತೆರೆದಾಗ.

ಟರ್ಮ್ ಪಾಲಿಸಿಯಲ್ಲಿ ಮೊತ್ತ ಕೊನೆಯವರೆಗೂ ಅಷ್ಟೇ ಇರುತ್ತದೆ, ಹಣ ನಾಮಿನಿಯ ಕೈಸೇರುತ್ತದೆ, ನಾಳೆ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದರೂ ಪಾಲಿಸಿಗೆ ಧಕ್ಕೆಯಿಲ್ಲ. ವೈಯಕ್ತಿಕ ಜೀವವಿಮೆಯ ಪ್ರೀಮಿಯಂ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ತಮ್ಮ ವಯಸ್ಸಿಗೆ ನನ್ನ ಸಲಹೆ ಇದೇ. ಮೊತ್ತ 30 ಲಕ್ಷವಲ್ಲ, ಸಾಲ ತೀರಿದ ಮೇಲೆ ಮನೆಯವರ ಖರ್ಚಿಗೂ ಉಳಿಯುವಷ್ಟು ಇರಲಿ. ಈಗಾಗಲೇ ಬ್ಯಾಂಕಿನ ಅರ್ಜಿಗೆ ಸಹಿ ಹಾಕಿದ್ದರೆ, ಪಾಲಿಸಿ ಪತ್ರ ಕೈಸೇರಿದ ದಿನದಿಂದ 30 ದಿನಗಳೊಳಗೆ ಬೇಡವೆಂದು ಬರೆದುಕೊಡಲು ಅವಕಾಶವಿದೆ. ಅದಕ್ಕೂ ಮೊದಲು ಮಂಜೂರಾತಿ ಪತ್ರದಲ್ಲಿ "ವಿಮೆ" ಎಂದು ಬರೆದಿರುವುದು ಯಾವ ವಿಮೆ ಎಂಬುದನ್ನು ತಾವೇ ಓದಿ ನೋಡಬೇಕು.

ಉತ್ತರ, ಬೆಳಗಾವಿಯಿಂದ

ಮೇಲಿನವರ ಮಾತನ್ನು ಬಹುಪಾಲು ಒಪ್ಪುತ್ತೇನೆ, ಪೂರ್ತಿ ಅಲ್ಲ. ನನಗೆ 48 ವರ್ಷ, ಸಕ್ಕರೆ ಕಾಯಿಲೆ ಇದೆ. ಎರಡು ಕಂಪನಿಗಳು ಟರ್ಮ್ ಪಾಲಿಸಿ ನಿರಾಕರಿಸಿದವು. ಕೊನೆಗೆ ಬ್ಯಾಂಕಿನ ಗುಂಪು ವಿಮೆಯಲ್ಲೇ, ಕಾಯಿಲೆಯನ್ನು ಮುಚ್ಚಿಡದೆ ಬರೆದುಕೊಟ್ಟ ಮೇಲೂ, ರಕ್ಷಣೆ ಸಿಕ್ಕಿತು. ಹೀಗಾಗಿ ಬ್ಯಾಂಕಿನದೆಂದ ಮಾತ್ರಕ್ಕೆ ತಳ್ಳಿಹಾಕುವುದು ಸರಿಯಲ್ಲ.

ಯಾವುದನ್ನೇ ತೆಗೆದುಕೊಂಡರೂ ಅರ್ಜಿಯನ್ನು ಏಜೆಂಟರ ಕೈಗೆ ಬಿಡಬೇಡಿ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ದುಡಿಯುತ್ತಿದ್ದ ನಮ್ಮ ಭಾವನವರು ದಿನವಿಡೀ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುತ್ತಿದ್ದವರು. ಅರ್ಜಿ ತುಂಬಿದ ಏಜೆಂಟರು ತಂಬಾಕಿನ ಪ್ರಶ್ನೆಗೆ ಅವರನ್ನು ಕೇಳದೆಯೇ "ಇಲ್ಲ" ಎಂದು ಗುರುತು ಹಾಕಿದರು. ಭಾವನವರು ಕೆಳಗೆ ಸಹಿ ಹಾಕಿದರು. ಎರಡನೆಯ ವರ್ಷದಲ್ಲಿ ಅವರು ತೀರಿಕೊಂಡರು. ಪಾಲಿಸಿಗೆ 3 ವರ್ಷ ತುಂಬಿದ ಮೇಲೆ ವಿಮಾ ಕಾಯ್ದೆಯ 45ನೆಯ ಕಲಮಿನಂತೆ ಕಂಪನಿ ತಕರಾರು ತೆಗೆಯುವಂತಿಲ್ಲ, ಆದರೆ ಅದಕ್ಕೆ ಮೊದಲು ಎಲ್ಲವನ್ನೂ ಕೆದಕುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ "ಬಹಳ ವರ್ಷಗಳಿಂದ ತಂಬಾಕು ಸೇವನೆ" ಎಂದು ಬರೆದಿದ್ದ ಒಂದೇ ಸಾಲು ಸಾಕಾಯಿತು. ಅಕ್ಕನಿಗೆ ಕಟ್ಟಿದ ಪ್ರೀಮಿಯಂ ಮಾತ್ರ ಮರಳಿ ಬಂತು. ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ, ಅಲ್ಲಿ ದೂರಿಗೆ ಶುಲ್ಕವಿಲ್ಲ ಎಂಬುದು ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಉತ್ತರ, ಖಾನಾಪುರದಿಂದ

ನಾನು ಗೃಹಿಣಿ, ಎರಡೇ ಮಾತು ಸೇರಿಸುತ್ತೇನೆ. ಟರ್ಮ್ ಪಾಲಿಸಿ ತೆಗೆದುಕೊಳ್ಳುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿದರೆ, ಆ ಹಣ ಹೆಂಡತಿ ಮಕ್ಕಳಿಗೇ ಮೀಸಲಾಗುತ್ತದೆ, ಗಂಡನ ಸಾಲಗಾರರು ಅದನ್ನು ಮುಟ್ಟುವಂತಿಲ್ಲ. ನಮ್ಮ ಯಜಮಾನರದು ವ್ಯಾಪಾರ, ಕೈಗಡ ಇದ್ದೇ ಇರುತ್ತದೆ; ಹಾಗಾಗಿ ಇದನ್ನೇ ಮಾಡಿಸಿದೆವು. ಆದರೆ ಮುಂದೆ ಬ್ಯಾಂಕು ಆ ಪಾಲಿಸಿಯನ್ನು ತನ್ನ ಹೆಸರಿಗೆ ಬರೆದುಕೊಡಿ ಎಂದರೆ ಕೊಡಲು ಬರುವುದಿಲ್ಲ, ಅದಕ್ಕೆ ಮೊದಲೇ ಬ್ಯಾಂಕಿನವರೊಂದಿಗೆ ಮಾತನಾಡಿಕೊಳ್ಳಿ. ಇನ್ನು ತಮ್ಮ ಮನೆಯವರ ಹೊಲಿಗೆಯ ಗಳಿಕೆಯನ್ನೂ ನೆಚ್ಚಿ ಕಂತು ಲೆಕ್ಕ ಹಾಕಿದ್ದರೆ, ಅವರ ಹೆಸರಿನಲ್ಲೂ ಚಿಕ್ಕದೊಂದು ಪಾಲಿಸಿ ಬೇಕು. ವಿಮೆಯೆಂದರೆ ಗಂಡಸರ ಹೆಸರಿಗೆ ಮಾತ್ರ ಎಂದು ಎಲ್ಲರೂ ಅಂದುಕೊಂಡುಬಿಡುತ್ತಾರೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇಂದು ಮಂಜೂರಾತಿ ಪತ್ರವನ್ನು ಹೆಂಡತಿಯೊಂದಿಗೆ ಕುಳಿತು ಸಾಲು ಸಾಲಾಗಿ ಓದಿದೆ. ಅದರಲ್ಲಿ ಷರತ್ತಾಗಿ ಇರುವುದು ಕಟ್ಟಡಕ್ಕೆ ಬೆಂಕಿ ವಿಮೆ. ಜೀವವಿಮೆಯ ಹೆಸರೇ ಇಲ್ಲ. ಸೋಮವಾರ ಆ ಪುಟದ ಝೆರಾಕ್ಸ್ ಹಿಡಿದು ಬ್ಯಾಂಕಿಗೆ ಹೋಗುತ್ತಿದ್ದೇನೆ.