‘ವಿಸ್ಕಿ ಲಲಬೈ’: ಆ ಸಾಲಿನಲ್ಲಿರುವುದು ಬಂದೂಕೋ ಬಾಟಲಿಯೋ?

ಪ್ರಶ್ನೆ:
ಬ್ರಾಡ್ ಪೈಸ್ಲಿ ಮತ್ತು ಆಲಿಸನ್ ಕ್ರಾಸ್ ಹಾಡಿರುವ, 2004ರಲ್ಲಿ ಹೊರಬಂದ ‘ವಿಸ್ಕಿ ಲಲಬೈ’ ಎಂಬ ಅಮೆರಿಕದ ಕಂಟ್ರಿ ಗೀತೆಯನ್ನು ಕೆಲವು ದಿನಗಳಿಂದ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಹಾಡಿನ ಕಥಾನಾಯಕ ಬಾಟಲಿಯನ್ನು ತಲೆಗಿಟ್ಟುಕೊಂಡು ಟ್ರಿಗರ್ ಎಳೆದನೆಂಬ ಮಾತು ಅದರಲ್ಲಿ ಬರುತ್ತದೆ. ಅವನು ಗುಂಡು ಹಾರಿಸಿಕೊಂಡನೆಂದು ಅರ್ಥವೇ? ಹಾಗಿದ್ದರೆ ಇಂಥ ಹಾಡಿಗೆ ಜೋಗುಳವೆಂಬ ಹೆಸರೇಕೆ? ವಿಡಿಯೊ ನೋಡಿದಾಗ ಹೆಂಡತಿಯ ದ್ರೋಹವೇ ಎಲ್ಲಕ್ಕೂ ಮೂಲವೆಂದು ತೋರಿತು. ಆದರೆ ಎರಡನೆಯ ಚರಣದಲ್ಲಿ ಅವಳೂ ಸಾಯುವುದು ಆ ತೀರ್ಮಾನಕ್ಕೆ ಹೊಂದುತ್ತಿಲ್ಲ.

ಉತ್ತರ 1:
ಬಂದೂಕು ಇರಬೇಕಾದ ಜಾಗದಲ್ಲಿ ಬಾಟಲಿ ಇದೆ. ಕುಡಿತವನ್ನೇ ಆತ್ಮಹತ್ಯೆಯೆನ್ನುವ ರೂಪಕ ಅದು. ಅವನು ತನ್ನ ನೋವನ್ನು ಸ್ವಲ್ಪಸ್ವಲ್ಪವಾಗಿ ಕುಡಿದು ಕಳೆಯುತ್ತಿದ್ದುದನ್ನು ‘ನಾವು’ ನೋಡುತ್ತಿದ್ದೆವೆಂದು ಹಾಡು ಮೊದಲೇ ಹೇಳಿರುತ್ತದೆ. ಎಷ್ಟು ಕುಡಿದರೂ ಅವಳ ನೆನಪು ಹೋಗಲಿಲ್ಲ. ಹೋದದ್ದು ಪ್ರಾಣದ ಜೊತೆಗೇ. ವರ್ಷಗಟ್ಟಲೆ ನಡೆದ ಸಾವನ್ನು ಒಂದು ಕ್ಷಣಕ್ಕೆ ಇಳಿಸಿದ್ದರಿಂದ ಆ ಸಾಲು ಎದೆಗೆ ನಾಟುತ್ತದೆ.

ಯುದ್ಧದಿಂದ ಮರಳಿದ ಸೈನಿಕನೂ ಪರಪುರುಷನೊಂದಿಗಿದ್ದ ಹೆಂಡತಿಯೂ ರಿಕ್ ಶ್ರೋಡರ್ ನಿರ್ದೇಶಿಸಿದ ವಿಡಿಯೊದಲ್ಲಿ ಮಾತ್ರ ಇದ್ದಾರೆ. ಬಿಲ್ ಆಂಡರ್ಸನ್ ಮತ್ತು ಜಾನ್ ರ‍್ಯಾಂಡಲ್ ಬರೆದ ಸಾಹಿತ್ಯದಲ್ಲಿ, ನಡುರಾತ್ರಿಯ ಸಿಗರೇಟಿನ ಉರಿಯುವ ತುದಿಯನ್ನು ಆರಿಸುವಂತೆ ಅವಳು ಅವನನ್ನು ಆರಿಸಿಬಿಟ್ಟಳೆಂದಿದೆ, ಏಕೆಂದು ಹೇಳಿಲ್ಲ.

ಉತ್ತರ 2:
ನನ್ನ ಮಟ್ಟಿಗೆ ಹಾಡಿನ ತಿರುಳಿರುವುದು ಕ್ರಾಸ್ ಹಾಡುವ ಎರಡನೆಯ ಚರಣದಲ್ಲಿ. ಊರಿನವರು ಅವಳ ಬಗ್ಗೆ ಏನೇನೋ ಆಡಿಕೊಂಡರು, ಆದರೆ ಅವಳು ತನ್ನನ್ನೇ ಎಷ್ಟು ದೂಷಿಸಿಕೊಳ್ಳುತ್ತಿದ್ದಳೆಂದು ಯಾರಿಗೂ ತಿಳಿಯಲಿಲ್ಲ. ಅವನ ಕುಡಿತ ಎಲ್ಲರ ಕಣ್ಣೆದುರಿಗೆ ನಡೆಯಿತು. ಅವಳಾದರೋ ಉಸಿರಿನಲ್ಲಿದ್ದ ವಿಸ್ಕಿಯ ವಾಸನೆಯನ್ನು ವರ್ಷಗಳ ಕಾಲ ಮುಚ್ಚಿಡಲು ಹೆಣಗಿದಳು. ಕೊನೆಗೆ ಬಾಟಲಿಯ ಅದೇ ಸಾಲು ಅವಳಿಗೂ ಬರುತ್ತದೆ, ಮತ್ತು ಅವಳನ್ನು ಅವನ ಪಕ್ಕದಲ್ಲಿಯೇ ವಿಲೋ ಮರದ ಕೆಳಗೆ ಮಣ್ಣು ಮಾಡುತ್ತಾರೆ. ಅವಳೇ ಅಪರಾಧಿಯೆಂದು ತೀರ್ಪು ಕೊಡುವ ಉದ್ದೇಶವಿದ್ದಿದ್ದರೆ ಕವಿಗಳು ಮೊದಲ ಚರಣಕ್ಕೇ ನಿಲ್ಲಿಸಬಹುದಿತ್ತು.

ಆ ಮರವೂ ಸುಮ್ಮನೆ ಬಂದದ್ದಲ್ಲ. ಅಮೆರಿಕದ ಹಳೆಯ ಸಮಾಧಿ ಕಲ್ಲುಗಳ ಮೇಲೆ ಶೋಕದ ಗುರುತಾಗಿ ವಿಲೋವನ್ನು ಕೆತ್ತುತ್ತಿದ್ದರು. ಪ್ರೇಮಭಂಗವಾದ ಹೆಣ್ಣು ತನ್ನನ್ನು ವಿಲೋ ಕೆಳಗೆ ಹೂಳಿರೆಂದು ಕೇಳುವ ಜನಪದ ಗೀತೆಯನ್ನು ಕಾರ್ಟರ್ ಕುಟುಂಬವೆಂಬ ಅಮೆರಿಕದ ಹಳೆಯ ಕಂಟ್ರಿ ಗಾಯನ ತಂಡ 1927ರಲ್ಲಿಯೇ ಧ್ವನಿಮುದ್ರಿಸಿತ್ತು. ಇನ್ನು ಜೋಗುಳವನ್ನು ಹಾಡುವವರು ದೇವದೂತರು. ಬದುಕಿರುವಾಗ ನಿದ್ದೆ ಕಾಣದ ಇಬ್ಬರನ್ನು ಅವರು ಮಲಗಿಸುತ್ತಾರೆ, ಅದೂ ಲಾ ಲಾ ಎಂಬ ಪದವಿಲ್ಲದ ದನಿಯಲ್ಲಿ. ನಮ್ಮ ‘ಜೋ ಜೋ’ ಕೂಡ ಹಾಗೆಯೇ ಅಲ್ಲವೇ?

ಉತ್ತರ 3:
ಈ ವಿವರಣೆಗಳನ್ನು ಒಪ್ಪುತ್ತೇನೆ, ಆದರೂ ಆ ಜೋಗುಳ ನನ್ನನ್ನು ಕಲಕುತ್ತದೆ. ನನ್ನ ಸೋದರಮಾವ ಕುಡಿದೇ ತೀರಿಕೊಂಡರು. ಅವರ ಕೊನೆಯ ದಿನಗಳಲ್ಲಿ ಹಾಡಿನಲ್ಲಿರುವಂಥ ಶಾಂತಿ ಇರಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣು ಹಳದಿಯಾಗಿತ್ತು, ಅತ್ತೆ ರಾತ್ರಿಯಿಡೀ ಎಚ್ಚರವಿರುತ್ತಿದ್ದರು. ಇಷ್ಟು ಇಂಪಾದ ರಾಗ ಅದನ್ನೆಲ್ಲ ಮರೆಸಿಬಿಡುತ್ತದೆಂಬ ಭಯ ನನ್ನದು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಕೃತಜ್ಞತೆಗಳು. ಮೂರನೆಯ ಉತ್ತರ ಓದಿದ ಮೇಲೆ ಮೊದಲ ಚರಣವನ್ನು ಮತ್ತೊಮ್ಮೆ ಕೇಳಿದೆ. ‘ನಾವು ನೋಡುತ್ತಿದ್ದೆವು’ ಎಂದು ಹಾಡುವವರು ಅವನ ಕೈಯಿಂದ ಬಾಟಲಿಯನ್ನು ತೆಗೆದಿಟ್ಟೆವೆಂದು ಎಲ್ಲಿಯೂ ಹೇಳುವುದಿಲ್ಲ. ಇಷ್ಟು ದಿನ ಅದು ನನ್ನ ಗಮನಕ್ಕೆ ಬಂದಿರಲಿಲ್ಲ.