ಮಳೆಗಾಲದಲ್ಲಿ ಕಿಟ್ ಕಾರಿಗೆ ಫೈಬರ್ ಮಡ್‌ಗಾರ್ಡ್ ಎಳೆಯುವುದು (ಅಚ್ಚಿನಲ್ಲಿ ಪದರ ಹಾಕಿ ಮಾಡುವುದು): ತಿಳಿದವರು ಹೇಳಿ

ಹೊಸನಗರದಿಂದ ಪ್ರಶ್ನೆ:
ಕಿಟ್ ಕಾರಿನ (ಬಿಡಿಭಾಗ ತಂದು ನಾವೇ ಜೋಡಿಸುವ ಕಾರು) ಪೈಪ್ ಚಾಸಿ ಸಿದ್ಧವಿದೆ. ಕಿಟ್ ಜೊತೆ ಬಂದ ಮುಂದಿನ ಮಡ್‌ಗಾರ್ಡ್ ಅಗಲ ಟೈರಿಗೆ ಸಾಲದು. ಹೊಸದಾಗಿ ಎರಡು ಮಾಡಬೇಕು, ಒಂದೊಂದು ಸುಮಾರು 0.8 ಚದರ ಮೀಟರ್. ಪ್ಯಾಟರ್ನ್ (ಅಚ್ಚು ತೆಗೆಯಲು ಮೊದಲು ಮಾಡುವ ಮಾದರಿ) ಯಾವುದರಲ್ಲಿ ಮಾಡಲಿ? ಸಾಮಾನು ಎಷ್ಟು ತರಲಿ? ಮಳೆ ಹಿಡಿದ ಮೇಲೆ ಈ ಕೆಲಸ ಆಗುತ್ತದೆಯೇ?

ಸಾಗರದಿಂದ:
ಎಡದ್ದು ಬಲಕ್ಕೆ ಕೂರುವುದಿಲ್ಲ, ಹಾಗಾಗಿ ಎರಡು ಪ್ಯಾಟರ್ನ್, ಎರಡು ಮೋಲ್ಡ್ (ಅಚ್ಚು) ಲೆಕ್ಕ ಹಾಕಿ. ಥರ್ಮಾಕೋಲ್ ಮುಟ್ಟಬೇಡಿ, ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರವ ಅದನ್ನು ಕರಗಿಸಿಬಿಡುತ್ತದೆ. ಪ್ಲೈವುಡ್ ಚೌಕಟ್ಟಿನ ನಡುವೆ ಪಿಯು (ಪಾಲಿಯುರೆಥೇನ್) ಫೋಮ್ ತುಂಬಿ ಆಕಾರಕ್ಕೆ ಕೊರೆಯಿರಿ. ಮೇಲೆ ಒಂದು ಪದರ ಫೈಬರ್, ಪುಟ್ಟಿ, 2ಕೆ (ಎರಡು ಭಾಗ ಬೆರೆಸುವ) ಪ್ರೈಮರ್, ಆಮೇಲೆ 400, 800, 1200 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಕಾಗದ). ಪ್ಯಾಟರ್ನ್ ಮೇಲಿನ ಸಣ್ಣ ಗೀರೂ ಮೋಲ್ಡ್‌ಗೆ ಇಳಿಯುತ್ತದೆ.

ಮೂಲೆಗಳನ್ನು ಕನಿಷ್ಠ 6 ಮಿ.ಮೀ. ಗುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಮ್ಯಾಟ್ (ಗಾಜಿನ ನಾರಿನ ಹಾಸು) ಕೂರದೆ ಹಿಂದೆ ಗಾಳಿ ಉಳಿಯುತ್ತದೆ, ಜೆಲ್‌ಕೋಟ್ (ಮೋಲ್ಡ್‌ಗೆ ಮೊದಲು ಬಳಿಯುವ, ಹೊರಮೈ ಆಗುವ ಬಣ್ಣದ ರೆಸಿನ್ ಪದರ) ಅಲ್ಲೇ ಒಡೆಯುತ್ತದೆ. ಟೈರ್ ಕಡೆ ಅಂಚು ಒಳಕ್ಕೆ ಮಡಚಿದ್ದರೆ ಒಂದೇ ತುಂಡಿನ ಮೋಲ್ಡ್‌ನಿಂದ ಪೀಸ್ ಬಿಡಿಸಲಾಗದು. ಮೋಲ್ಡನ್ನು ಎರಡು ಭಾಗ ಮಾಡಿ, 50 ಮಿ.ಮೀ. ಫ್ಲ್ಯಾಂಜ್ (ಜೋಡಿಸಲು ಹೊರಚಾಚಿದ ಅಂಚು) ಬಿಟ್ಟು, 150 ಮಿ.ಮೀ.ಗೊಂದು ಬೋಲ್ಟ್ ಹಾಕಿ.

ಭದ್ರಾವತಿಯಿಂದ:
ಸಾಮಾನಿನ ಲೆಕ್ಕ ಒಂದು ಮಡ್‌ಗಾರ್ಡ್‌ಗೆ: ಜೆಲ್‌ಕೋಟ್ 500 ಗ್ರಾಂ, ಸರ್ಫೇಸ್ ಟಿಶ್ಯೂ (ತೆಳು ನಾರಿನ ಹಾಳೆ) ಒಂದು ಪದರ, 300ರ ಮ್ಯಾಟ್ (ಚದರ ಮೀಟರ್‌ಗೆ 300 ಗ್ರಾಂ ತೂಗುವುದು) ಒಂದು ಪದರ, 450ರ ಮ್ಯಾಟ್ ಎರಡು. ಮ್ಯಾಟ್ ತೂಕ ಹತ್ತಿರ ಹತ್ತಿರ 1 ಕೆ.ಜಿ. ಬರುತ್ತದೆ. ರೆಸಿನ್ ಅದರ ಎರಡೂವರೆ ಪಟ್ಟು, ಪೋಲು ಸೇರಿಸಿ 3 ಕೆ.ಜಿ. ತನ್ನಿ. ದಪ್ಪ ಸುಮಾರು 2.5ರಿಂದ 3 ಮಿ.ಮೀ. ಮೋಲ್ಡ್‌ಗೆ ಇದರ ಎರಡು–ಮೂರು ಪಟ್ಟು ದಪ್ಪ ಬೇಕು, ಆದರೆ ದಿನಕ್ಕೆ ಎರಡು ಪದರಕ್ಕಿಂತ ಹೆಚ್ಚು ಹಾಕಬೇಡಿ. ಒಟ್ಟಿಗೆ ಹಾಕಿದರೆ ಕಾದು, ಕುಗ್ಗಿ, ಸೊಟ್ಟಗಾಗುತ್ತದೆ.

ಹಾರ್ಡ್‌ನರ್ (ರೆಸಿನ್ ಗಟ್ಟಿ ಮಾಡುವ ದ್ರವ) ಕಿಲೋ ರೆಸಿನ್‌ಗೆ 10ರಿಂದ 20 ಗ್ರಾಂ ಒಳಗೇ ಇರಲಿ. ಕಡಿಮೆಯಾದರೆ ಕೊನೆವರೆಗೂ ಗಟ್ಟಿಯಾಗದು. ಕೋಬಾಲ್ಟ್ (ಬೇಗ ಗಟ್ಟಿಯಾಗಲು ಹಾಕುವ ದ್ರವ) ಬೇರೆ ಕೊಟ್ಟಿದ್ದರೆ ಮೊದಲು ಅದನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಕೋಬಾಲ್ಟ್ ಮತ್ತು ಹಾರ್ಡ್‌ನರ್ ನೇರವಾಗಿ ಒಂದಕ್ಕೊಂದು ತಾಗಲೇಬಾರದು, ಬೆಂಕಿ ಹತ್ತಿ ಸ್ಫೋಟವೂ ಆಗಬಹುದು. ಅಳೆಯುವ ಸಿರಿಂಜ್ ಕೂಡ ಬೇರೆ ಬೇರೆ ಇಡಿ. ಕನ್ನಡಕವಿಲ್ಲದೆ ಹಾರ್ಡ್‌ನರ್ ಡಬ್ಬಿ ತೆರೆಯಬೇಡಿ; ಅದು ಕಣ್ಣನ್ನೇ ಕಳೆಯುವ ವಸ್ತು.

ತೀರ್ಥಹಳ್ಳಿಯಿಂದ:
ಆಗುಂಬೆ ಕಡೆ ಮೋಡ ಕವಿದ ವಾರದಲ್ಲಿ ತೆರೆದ ಶೆಡ್‌ನಲ್ಲಿ ಕೈ ಹಾಕಬೇಡಿ. ತೇವ ಹಿಡಿದ ಮ್ಯಾಟ್ ರೆಸಿನ್ ಕುಡಿಯುವುದಿಲ್ಲ, ಬೆಳ್ಳಗೆ ಉಳಿಯುತ್ತದೆ. ಆ ಜಾಗ ಆಮೇಲೆ ಪದರ ಬಿಡುತ್ತದೆ. ಪ್ಯಾಟರ್ನ್ ಕೆಲಸ ಈಗ ಮುಗಿಸಿ, ಫೈಬರ್ ದೀಪಾವಳಿ ಕಳೆದ ಮೇಲೆ ಎಳೆಯುವುದೇ ನನ್ನ ಸಲಹೆ.

ಶಿವಮೊಗ್ಗದಿಂದ:
ಅಷ್ಟು ಕಾಯಬೇಕಿಲ್ಲ ಸರ್. ಮುಚ್ಚಿದ ಕೋಣೆ, ಗೋಡೆಗೊಂದು ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್), ಎರಡು ಹ್ಯಾಲೊಜೆನ್ ದೀಪ ಇದ್ದರೆ ಸಾಕು. ತೇವಾಂಶ ಶೇ. 75ಕ್ಕಿಂತ ಕೆಳಗಿದ್ದು, 25 ಡಿಗ್ರಿ ಆಸುಪಾಸು ಇದ್ದ ದಿನ ಮಾಡಿ. ಮ್ಯಾಟ್ ರೋಲನ್ನು ಹಿಂದಿನ ರಾತ್ರಿಯೇ ಆ ಕೋಣೆಯಲ್ಲಿಡಿ. ರೆಸಿನ್ ಕಲಸುವಾಗ ದೀಪ ಆರಿಸಿ, ಸ್ಟೈರೀನ್ ಆವಿಗೆ ಬೆಂಕಿ ಬೇಗ ತಗಲುತ್ತದೆ. ಕಿಟಕಿ ಸ್ವಲ್ಪ ತೆರೆದು, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ರಾಸಾಯನಿಕ ಆವಿ ಸೋಸುವ ಡಬ್ಬಿ) ಇರುವ ಮಾಸ್ಕ್ ಹಾಕಿ. ಬಟ್ಟೆ ಮಾಸ್ಕ್ ಪ್ರಯೋಜನವಿಲ್ಲ.

ಈ ಕೆಲಸದಲ್ಲಿ ಹೆಚ್ಚು ಪೀಸ್ ಹಾಳಾಗುವುದು ಜೆಲ್‌ಕೋಟ್ ಹಂತದಲ್ಲಿ. ಹೊಸ ಮೋಲ್ಡ್‌ಗೆ ಐದಾರು ಸಲ ವ್ಯಾಕ್ಸ್, ಮೇಲೆ ಪಿವಿಎ (ಪೀಸ್ ಮೋಲ್ಡ್‌ಗೆ ಅಂಟದಂತೆ ಬಳಿಯುವ ದ್ರವ). ಆಮೇಲೆ ಜೆಲ್‌ಕೋಟ್ ಅರ್ಧ ಮಿ.ಮೀ. ದಪ್ಪ, ಎಲ್ಲೂ ತೆಳುವಾಗದಂತೆ. ಬೆರಳಿಟ್ಟರೆ ಅಂಟಬೇಕು, ಬೆರಳಿಗೆ ಬಣ್ಣ ಬರಬಾರದು: ಮ್ಯಾಟ್ ಹಾಕುವ ಹೊತ್ತು ಅದೇ. ಅದಕ್ಕೂ ಮೊದಲೇ ಹಾಕಿದರೆ, ಅಥವಾ ಪದರ ತೆಳುವಿದ್ದರೆ, ಮೇಲಿನ ರೆಸಿನ್‌ನ ಸ್ಟೈರೀನ್ ಒಳಗಿಳಿದು ಜೆಲ್‌ಕೋಟ್ ಸುಕ್ಕುಗಟ್ಟುತ್ತದೆ. ಪುಟ್ಟಿ ಹಚ್ಚಿ ಮುಚ್ಚಲು ಹೋಗಬೇಡಿ, ಅದನ್ನು ಕೆತ್ತಿ ತೆಗೆಯಲೇಬೇಕು.

ಹೊಸನಗರದಿಂದ:
ಅಡಿಕೆ ಒಣಗಿಸುವ ಪಾಲಿಹೌಸ್ ಇದೆ. ಅದರಲ್ಲಿ ಇಡಬಹುದೇ?

ಶಿವಮೊಗ್ಗದಿಂದ:
ಧಾರಾಳವಾಗಿ, ಆದರೆ ಅಡಿಕೆ ಇಲ್ಲದಾಗ ಮಾತ್ರ, ವಾಸನೆ ಹಿಡಿಯುತ್ತದೆ. ರೆಸಿನ್ ರಬ್ಬರಿನಂತಾದಾಗಲೇ ಚಾಕುವಿನಿಂದ ಅಂಚು ಕತ್ತರಿಸಿ. ಒಂದು ದಿನ ಕೋಣೆಯಲ್ಲೇ ಗಟ್ಟಿಯಾಗಲಿ, ಆಮೇಲೆ ಮೋಲ್ಡ್ ಸಮೇತ ಪಾಲಿಹೌಸ್‌ಗೆ. 40 ಡಿಗ್ರಿಯಲ್ಲಿ 16 ಗಂಟೆ ಸಿಕ್ಕರೆ ಚೆನ್ನಾಗಿ ಬಲಿಯುತ್ತದೆ. ಬಿಡಿಸಿ ಬಿಸಿಲಿಗಿಟ್ಟರೆ ತಿರುಚಿಕೊಳ್ಳುತ್ತದೆ.

ಸಾಗರದಿಂದ:
ಬೋಲ್ಟ್ ಬರುವ ಜಾಗಕ್ಕೆ ಇನ್ನೆರಡು ಪದರ ಮ್ಯಾಟ್, ಹಿಂದೆ ಅಗಲ ವಾಷರ್ ಮತ್ತು ರಬ್ಬರ್. ಟೈರ್ ಕಡೆ ಒಳಮೈಗೆ ಅಂಡರ್‌ಬಾಡಿ ಕೋಟಿಂಗ್ ಬಳಿಯಿರಿ. ನಮ್ಮ ರಸ್ತೆಯ ಜಲ್ಲಿ ಒಳಗಿನಿಂದ ಹೊಡೆದರೂ ಹೊರಗಿನ ಜೆಲ್‌ಕೋಟ್‌ನಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಡುತ್ತದೆ.